ಹಂಪವ್ವನ ಹರಗೋಲು

ಆನೆಗುಂದಿಯ ವಿರುಪಣ್ಣ ಹೊಳೆ ದಾಟಿಸುವವನು. ಈಚೆ ಆನೆಗುಂದಿ, ಆಚೆ ಹಂಪಿ. ನಡುವೆ ಬಿದಿರು ಹೆಣೆದು ಡಾಂಬರು ಬಳಿದ ಅವನ ದುಂಡನೆಯ ಹರಗೋಲು. ಮೇಲ್ಗಡೆ ಡ್ಯಾಮು ಕಟ್ಟಿದ ಮೇಲೆ ಹೊಳೆಗೆ ತನ್ನದೇ ಮರ್ಜಿ ಅಂತ ಉಳಿದಿರಲಿಲ್ಲ. ಗೇಟು ಹಾಕಿದರೆ ಬಂಡೆಗಳ ನಡುವೆ ಸುಮ್ಮನೆ ಮಲಗುವುದು, ಎತ್ತಿದರೆ ನೊರೆ ಕಾರುತ್ತ ಓಡಿ ಬರುವುದು.

ಅವನ ಹೆಂಡತಿ ಹಂಪವ್ವ ಡ್ಯಾಮಿನ ಹಿನ್ನೀರಿನ ದಂಡೆಯವಳು. ಅಪ್ಪನ ಜೊತೆ ಮೀನು ಹಿಡಿಯುತ್ತ ಹುಟ್ಟು ಹಾಕಿ ಬೆಳೆದವಳು. ಆದರೆ ಗಂಡನ ಮನೆಗೆ ಬಂದ ಮೇಲೆ ಅತ್ತೆ ಮುದಕಮ್ಮ ಅವಳನ್ನು ಹುಟ್ಟು ಮುಟ್ಟಗೊಟ್ಟಿರಲಿಲ್ಲ. "ಹೆಣ್ಮಗಳು ಹರಗೋಲ ಹಾಕಿದ್ರ ಮಂದಿ ಏನಂದಾರು?"

ಎಂಬತ್ತೆರಡನೆಯ ಇಸವಿಯ ಶ್ರಾವಣ. ಆಚೆ ದಡದಲ್ಲಿದ್ದ ಮುದಕಮ್ಮನ ಮಗಳ ಮನೆಯಲ್ಲಿ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವ ದಿನ. ಮುದಕಮ್ಮ ಇಳಕಲ್ ಸೀರೆ ಉಟ್ಟು ತಯಾರಾದಳು. ನೋಡಿದರೆ ವಿರುಪಣ್ಣನಿಗೆ ಚಳಿಜ್ವರ.

"ನಾ ದಾಟಸ್ತೀನ್ರಿ ಅತ್ತಿ," ಎಂದಳು ಹಂಪವ್ವ.

ಮುದಕಮ್ಮ ಹೊಳೆ ನೋಡಿದಳು, ಸೊಸೆಯನ್ನು ನೋಡಿದಳು, ಮೊಮ್ಮಗಳ ಆಸೆಗೆ ಹತ್ತಿ ಕೂತಳು. ದಡದಲ್ಲಿ ಕಾಯುತ್ತಿದ್ದ ಫಾರಿನ್ ಗಂಡಹೆಂಡತಿಯೂ ಹತ್ತಿದರು.

ಗೇಟು ಎತ್ತುವ ಡಂಗುರ ಬೆಳಿಗ್ಗೆಯೇ ಆಗಿತ್ತು. ನೀರು ಬರುವುದು ಸಂಜೆಗೆ ಅಂತ ಎಲ್ಲರ ಲೆಕ್ಕ. ಅರ್ಧ ಹೊಳೆಗೆ ಹೋಗಿದ್ದರಷ್ಟೆ, ಬಂಡೆಗಳ ತುದಿ ಒಂದೊಂದಾಗಿ ಮುಳುಗತೊಡಗಿದವು.

"ತಿರುಗಸ! ಹಿಂದಕ್ಕ ಹೋಗೂಣು!" ಮುದಕಮ್ಮ ಚೀರಿದಳು.

"ಎದುರು ಹೋದ್ರ ಮಗುಚತೈತ್ರಿ. ನೀರಿನ ಕೂಡಾನ ಹೋಗೂಣು. ಗಟ್ಟಿ ಹಿಡಕೊಳ್ರಿ!"

ಹರಗೋಲು ಬುಗುರಿಯಂತೆ ತಿರುಗಿ ಎರಡು ಬಂಡೆಗಳ ಸಂದಿಗೆ ಧುಮುಕಿತು. ನೊರೆ ಮೈಮೇಲೆ ಸುರಿಯಿತು. ಸೆರಗು ಸೊಂಟಕ್ಕೆ ಬಿಗಿದ ಹಂಪವ್ವ ಎಡಕ್ಕೊಮ್ಮೆ ಬಲಕ್ಕೊಮ್ಮೆ ಹುಟ್ಟು ಒತ್ತಿದಳು. ಭಯದೊಳಗೇ ತವರಿನ ದಿನಗಳ ಖುಷಿಯೊಂದು ಎದ್ದು ಕುಣಿಯುತ್ತಿತ್ತು. ಮುದಕಮ್ಮ ಫಾರಿನ್ ಹೆಂಗಸನ್ನು ತಬ್ಬಿಕೊಂಡು "ಹುಲಿಗೆವ್ವಾ, ಕಾಯವ್ವಾ" ಅನ್ನುತ್ತಿದ್ದರೆ, ಆಕೆ ಕೇಕೆ ಹಾಕಿ ನಗುತ್ತಿದ್ದಳು.

ಕೊನೆಗೆ ಒಂದು ದೊಡ್ಡ ಬಂಡೆಯ ಮರೆಯಲ್ಲಿದ್ದ ಸಮಾಧಾನದ ನೀರಿಗೆ ಹಂಪವ್ವ ಹರಗೋಲು ನುಗ್ಗಿಸಿದಳು. ಇಳಿದದ್ದು ಆಚೆ ದಡದಲ್ಲೇ, ಒಂದು ಮೈಲಿ ಕೆಳಗೆ.

ಮುದಕಮ್ಮ ಸೀರೆ ಹಿಂಡಿಕೊಂಡಳು. ಬೈಗುಳ ಬಂತೆಂದೇ ಹಂಪವ್ವ ತಲೆ ತಗ್ಗಿಸಿದಳು.

"ಏ ಹಂಪವ್ವಾ, ಆ ಸಂದ್ಯಾಗ ಬಿದ್ದಾಗ ಹೊಟ್ಟಿ ಝಲ್ ಅಂತು," ಎಂದಳು ಅತ್ತೆ, ಸಣ್ಣಗೆ. "ಭಾಳ ಛಲೋ ಅನಸ್ತು ನೋಡು."

ಸುದ್ದಿ ಹಂಪಿ ಬಜಾರಿಗೆ ಮುಟ್ಟಿತು. ಹಂಪವ್ವನನ್ನೇ ಕೇಳಿಕೊಂಡು ಮಂದಿ ಬರತೊಡಗಿದರು. ಹೊಳೆ ತುಂಬಿದ ದಿನ ಅವಳು ಒಲ್ಲೆನೆನ್ನುವಳು; ನೀರು ಹದವಾಗಿದ್ದರೆ ನೊರೆಯಲ್ಲಿ ಕುಣಿಸಿ ತರುವಳು. ಮಂದಿ ಏನಾದರೂ ಅಂದರೆ ಉತ್ತರ ಕೊಡುವ ಕೆಲಸ ಮುದಕಮ್ಮನದು.

ವಿರುಪಣ್ಣ ಮಾತ್ರ ನೊರೆಯಿಲ್ಲದ ಸಪ್ಪನೆಯ ನೀರಿನ ಗಿರಾಕಿ. ದಸರೆಯ ಹೊತ್ತಿಗೆ ಅವನನ್ನೂ ಅವ್ವ, ಹೆಂಡತಿ ಕೂಡಿ ಹತ್ತಿಸಿ ನೊರೆಗಿಳಿಸಿದರು.

"ಕಣ್ಣ ತಗೀರಿ," ಹಂಪವ್ವ ನಕ್ಕಳು, "ದಂಡಿ ಬಂದು ಎಷ್ಟೊತ್ತಾತು!"