ಮನೆ ಬುಟ್ಟಿ

ಬೀದಿಯವರೆಲ್ಲ ಅವನನ್ನು ಮೂಸಣ್ಣ ಅಂತಲೇ ಕರೆಯುತ್ತಿದ್ದರು. ಹಾಗೆ ಕರೆಯುವುದರಲ್ಲಿ ತಪ್ಪೇನೂ ಇರಲಿಲ್ಲ ಬಿಡಿ. ಹಾಲಿನ ಪಾತ್ರೆಯ ಮುಚ್ಚಳ ತೆಗೆದರೂ ಮೂಸುತ್ತಿದ್ದ, ಹೊಸ ಅಂಗಿ ಕೊಟ್ಟರೂ ಮೂಸುತ್ತಿದ್ದ, ಯಾರಾದರೂ ನಗುನಗುತ್ತಾ ಮಾತಾಡಿಸಿದರೆ ಅವರನ್ನೂ ಮೂಸಿಬಿಡುತ್ತಾನೇನೋ ಅನ್ನುವ ಹಾಗೆ ಮೂಗು ಅರಳಿಸುತ್ತಿದ್ದ. ಕೆಳಗೆ ಅವನ ಹಣ್ಣು ತರಕಾರಿ ಅಂಗಡಿ, ಮೇಲೆ ಮನೆ, ನಡುವೆ ಕಿರುಗುಟ್ಟುವ ಮರದ ಮೆಟ್ಟಿಲು. ಆ ಮೆಟ್ಟಿಲಿನ ವಿಷಯದಲ್ಲಿ ಅವನದು ಒಂದೇ ಮಾತು. ಕೆಳಗಿನದು ಯಾವುದೂ ಮೇಲೆ ಹೋಗಕೂಡದು. ಒಂದು ಬಾಳೆಹಣ್ಣು, ಒಂದು ಟೊಮೆಟೊ, ಒಂದು ಎಳೆ ಸೊಪ್ಪು ಸಹ.

ನಗಬೇಡಿ. ಹಣ್ಣು ಮಾರುವವನ ಮನೆಯಲ್ಲಿ ಹಣ್ಣಿಗೆ ಬಹಿಷ್ಕಾರ ಯಾಕೆ ಅಂದರೆ, ಅಂಗಡಿಯ ಹಿಂದಿನ ಕೋಣೆಯಲ್ಲಿ ನಡೆಯುವುದು ಅವನಿಗೆ ಗೊತ್ತಿತ್ತು. ನಡೆಸುತ್ತಿದ್ದವನೇ ಅವನು. ಕಾಯಿಗಳ ನಡುವೆ ಪುಡಿ ಪೊಟ್ಟಣ ಇಟ್ಟು ಗೋಣಿ ಹೊದಿಸಿದರೆ ನಿನ್ನೆಯ ಹಸಿರು ಇವತ್ತು ಹಳದಿ. ಸೇಬಿಗೆ, ಕಿತ್ತಳೆಗೆ ಮೇಣ ಸವರಿ ಹಳೇ ಪಂಚೆಯಲ್ಲಿ ಉಜ್ಜಿದರೆ ಫಳಫಳ. ಅಂಥದೊಂದು ಪರಂಗಿ ಹಣ್ಣನ್ನು ಅವನ ಹೆಂಡತಿ ಒಂದು ದಿನ ಆಸೆಪಟ್ಟು ಮೇಲೆ ಒಯ್ದು ತಿಂದಳು. ಅದೇ ವಾರ ಹೊಟ್ಟೆನೋವು ಅಂತ ಮಲಗಿದವಳು ಮತ್ತೆ ಏಳಲಿಲ್ಲ. ಹೊಟ್ಟೆಯೊಳಗೆ ಎಷ್ಟೋ ದಿನದಿಂದ ಗಡ್ಡೆ ಇತ್ತು, ಹಣ್ಣಿಗೂ ಇದಕ್ಕೂ ಸಂಬಂಧವಿಲ್ಲ ಅಂದರು ಆಸ್ಪತ್ರೆಯವರು. ಮೂಸಣ್ಣ ನಂಬಲಿಲ್ಲ. ಹಾಗೆಲ್ಲ ನಂಬುವವನಾಗಿದ್ದರೆ ಆ ಹೆಸರಾದರೂ ಯಾಕೆ ಬರುತ್ತಿತ್ತು?

ಅವತ್ತಿನಿಂದ ಮೇಲಿನ ಮನೆಯಲ್ಲಿ ಅನ್ನ, ಬೇಳೆ, ಬ್ರೆಡ್ಡು, ಹಾಲು, ಮೊಟ್ಟೆ. ಹಾಲನ್ನೂ ಕುದಿಸಿ ಕುದಿಸಿ ಅರ್ಧ ಮಾಡಬೇಕು. ಹಾಗಂತ ಅಂಗಡಿ ಮುಚ್ಚಿದನಾ? ಅದಿಲ್ಲ. ಪುಡಿ ಬಿಟ್ಟನಾ? ಅದೂ ಇಲ್ಲ. "ಎಲ್ಲರೂ ಮಾಡೋದೇ" ಅನ್ನುತ್ತಿದ್ದ. ತನ್ನ ಮನೆಯವರ ಬಾಯಿ ಕಾದುಕೊಂಡರೆ ಸಾಕು, ಗಿರಾಕಿಗಳ ಬಾಯಿ ಗಿರಾಕಿಗಳದು. ಎಂಥಾ ಆಸಾಮಿ ನೋಡಿ!

"ಸ್ವಲ್ಪ ಸೊಪ್ಪು ಸದೆ ತಿನ್ನಬೇಕಂತಲ್ಲಪ್ಪಾ" ಅಂತ ಮಗಳು ಆಗಾಗ ರಾಗ ಎಳೆಯುತ್ತಿದ್ದಳು.

"ಯಾಕೆ, ತಿನ್ನದಿದ್ರೆ ಸಾಯ್ತಾರಾ? ಹುಲಿ ಸೊಪ್ಪು ತಿನ್ನುತ್ತಾ?"

"ಆನೆ ಬರೀ ಸೊಪ್ಪೇ ತಿನ್ನುತ್ತೆ."

"ಆನೆ ಅಂಗಡೀಲಿ ಕೊಂಡು ತಿನ್ನಲ್ಲಮ್ಮ" ಅಂದರೆ ಅಲ್ಲಿಗೆ ಮಾತು ಮುಗಿಯುತ್ತಿತ್ತು. ಮಗಳಿಗೆ ಹೊಲಿಗೆ ಕಾರ್ಖಾನೆಯಲ್ಲಿ ಕೆಲಸ, ಮಧ್ಯಾಹ್ನದ ಊಟ ಅಲ್ಲಿನ ಕ್ಯಾಂಟೀನಿನಲ್ಲಿ. ಅಳಿಯ ಗೋಡೆಗೆ ಬಣ್ಣ ಹೊಡೆಯುವವನು, ಎಲ್ಲಿ ಕೆಲಸವೋ ಅಲ್ಲೇ ಊಟ. ಮೂರು ಹೊತ್ತೂ ಮೂಸಣ್ಣನ ಕೈಯಲ್ಲೇ ಉಣ್ಣುತ್ತಿದ್ದುದು ಐದು ವರ್ಷದ ಮೊಮ್ಮಗಳು ಒಬ್ಬಳೇ. ಅವಳನ್ನು ಎಲ್ಲರೂ ಗುಬ್ಬಿ ಅನ್ನುತ್ತಿದ್ದರು. ಅಜ್ಜಿ ಹೋದ ಮೇಲೆ ಮೊದಮೊದಲು ಅವಳಮ್ಮನೇ ಮನೆಯಲ್ಲಿದ್ದು ಕದ್ದುಮುಚ್ಚಿ ಹಣ್ಣೋ ತರಕಾರಿಯೋ ತಿನ್ನಿಸುತ್ತಿದ್ದಳು. ಕೆಲಸಕ್ಕೆ ಸೇರಿದ ಮೇಲೆ ಮಗು ಪೂರಾ ತಾತನ ಪಾಲಿಗೆ ಬಂತು. ತಾತನಿಗೆ ಅವಳೆಂದರೆ ಜೀವ.

ಒಂದು ದಿನ ಸ್ನಾನ ಮಾಡಿಸುವಾಗ ಗುಬ್ಬಿಯ ಕಾಲಿನ ಮೇಲೆ ನೀಲಿ ಕಲೆಗಳು ಕಂಡವು. ಮೊಣಕಾಲಿನ ಹಿಂದೆ ಒಂದು, ತೊಡೆಯ ಮೇಲೆ ಅಂಗೈಯಷ್ಟು ಅಗಲದ ಇನ್ನೊಂದು. ಮೂಸಣ್ಣ ನೀರಿನ ಚೊಂಬು ಕೆಳಗಿಟ್ಟ.

"ಯಾರು ಹೊಡೆದಿದ್ದು ಕಂದಾ?"

"ಯಾರೂ ಇಲ್ಲ ತಾತ."

"ಬಿದ್ಯಾ?"

"ಇಲ್ಲ."

ಇಂಥ ಉತ್ತರವನ್ನು ಮೂಸಣ್ಣ ನಂಬುತ್ತಾನಾ? ಹೇಳಬೇಡ ಅಂತ ಯಾರೋ ಹೆದರಿಸಿದ್ದಾರೆ ಅಂದುಕೊಂಡ. ಆ ಯಾರೋ ಯಾರು ಅನ್ನುವುದಕ್ಕೆ ಅವನು ಬಹಳ ದೂರ ಹುಡುಕಲಿಲ್ಲ. ಮಗಳು ಹೊಡೆಯುವವಳಲ್ಲ, ತಾನಂತೂ ಅಲ್ಲ, ಉಳಿದವನು ಅಳಿಯ. ಕಡಿಮೆ ಮಾತಿನವನು ಬೇರೆ. ಬಾಯಿಬಿಡದವನ ಹೊಟ್ಟೆಯಲ್ಲಿ ಏನಿರುತ್ತೋ ಯಾರಿಗೆ ಗೊತ್ತು!

ಅಲ್ಲಿಂದ ಮುಂದೆ ಮೂಸಣ್ಣ ಮೈಯೆಲ್ಲ ಕಣ್ಣಾದ. ನೋಡಿದಷ್ಟೂ ಕಾಣತೊಡಗಿತು. ಗುಬ್ಬಿ ಕುಂಟುತ್ತಾಳೆ. ಎತ್ತಿಕೊಳ್ಳಲು ಹೋದರೆ ಕಾಲು ನೋವು ಅಂತ ಚೀರುತ್ತಾಳೆ. ಬೀದಿಗೆ ಆಡಲು ಹೋಗದೆ ಮೂಲೆ ಹಿಡಿದು ಕೂರುತ್ತಾಳೆ. ಬೆಳಿಗ್ಗೆ ದಿಂಬಿನ ಮೇಲೆ ಒಂದು ಹನಿ ರಕ್ತ. ಇಷ್ಟು ಸಾಲದು ಅಂತ, ಮೂರು ದಿನದಿಂದ ಹೊಸ ನಾಟಕ ಬೇರೆ ಶುರುವಾಗಿತ್ತು. ಅಳಿಯ ಕೆಲಸದಿಂದ ಬಂದವನೇ ಮಗುವನ್ನು ಎತ್ತಿಕೊಂಡು ಹೊರಗೆ ಹೋಗುತ್ತಾನೆ. ಬರುವಾಗ ಅವಳ ಮುಖ ತೊಳೆದಿರುತ್ತದೆ, ಕಣ್ಣು ಕೆಂಪಗಿರುತ್ತದೆ. ಅಪ್ಪ ಮಗಳು ಒಬ್ಬರನ್ನೊಬ್ಬರು ನೋಡಿಕೊಳ್ಳುತ್ತಾರೆ, ಬಾಯಿ ಮಾತ್ರ ಬಿಡುವುದಿಲ್ಲ.

ಮಗಳನ್ನು ಅಡುಗೆಮನೆಗೆ ಕರೆದು ಹೇಳಿಯೇಬಿಟ್ಟ. "ನಿನ್ನ ಗಂಡ ಮಗೂಗೆ ಹೊಡೀತಾನೆ."

"ಅಪ್ಪಾ, ಬಾಯಿಗೆ ಬಂದ ಹಾಗೆ ಮಾತಾಡ್ಬೇಡಿ."

"ಕಾಲು ನೋಡು ಹೋಗು."

ಅವಳು ನೋಡಿದಳು. ನೋಡಿ ಬಂದು ಗಂಡನನ್ನು ಕೇಳಿದಳು. ಅವನು "ನಾನು ಯಾಕೆ ಹೊಡೀಲಿ? ನನ್ನ ಮಗಳು ಕಣೇ ಅವಳು" ಅಂದ. ಸಂಜೆ ಎಲ್ಲಿಗೆ ಕರಕೊಂಡು ಹೋಗ್ತೀಯ ಅಂದರೆ ಸುಮ್ಮನಾದ. ಆ ಸುಮ್ಮನಿರುವಿಕೆಯೇ ಕೆಡಿಸಿತು. ಹೆಂಡತಿ ಮುಖ ತಿರುಗಿಸಿ ಮಲಗಿದಳು. ಮಾರನೇ ಬೆಳಿಗ್ಗೆ ಮೂಸಣ್ಣ ಮೆಟ್ಟಿಲ ತುದಿಯಲ್ಲಿ ನಿಂತು ಅಳಿಯನಿಗೆ ಹೇಳಿದ. "ಇವತ್ತಿನ ಕೆಲಸ ಮುಗಿಸಿ ಬಂದು ನಿನ್ನ ಪೆಟ್ಟಿಗೆ ತಗೊಂಡು ಹೊರಡು. ಮಗು ಇಲ್ಲೇ ಇರುತ್ತೆ. ನನ್ನ ಮಗಳೂ ಇಲ್ಲೇ ಇರ್ತಾಳೆ." ಅಳಿಯ ಹೆಂಡತಿಯ ಕಡೆ ನೋಡಿದ. ಅವಳು ತಲೆ ಎತ್ತಲಿಲ್ಲ. ಅವನು ಬ್ರಷ್ಷುಗಳ ಡಬ್ಬ ಎತ್ತಿಕೊಂಡು ಇಳಿದು ಹೋದ.

ಸಂಜೆ ಬಂದವನು ಪೆಟ್ಟಿಗೆ ಮುಟ್ಟಲಿಲ್ಲ. ಎಂದಿನಂತೆ ಗುಬ್ಬಿಯನ್ನು ಎತ್ತಿಕೊಂಡು ಹೊರಟ. ಮೂಸಣ್ಣ ಅಂಗಡಿಯ ಬಾಗಿಲು ಅರ್ಧ ಎಳೆದು ಹಿಂದೆಯೇ ನಡೆದ. ನೀರಿನ ಟ್ಯಾಂಕಿನ ಹತ್ತಿರ ನಿಂತಿದ್ದ ಲಾರಿಯ ಮರೆಗೆ ಸೇರಿ ಇಣುಕಿದ. ಕಲ್ಲುಬೆಂಚಿನ ಮೇಲೆ ಮಗು, ಪಕ್ಕದಲ್ಲಿ ಅವಳಪ್ಪ. ಅವನು ಜೇಬಿನಿಂದ ಕಾಗದದಲ್ಲಿ ಸುತ್ತಿದ ಏನನ್ನೋ ತೆಗೆದು ಸುಲಿದ. ಗಾಳಿ ಈ ಕಡೆಯೇ ಬೀಸುತ್ತಿತ್ತು. ಮೂಸಣ್ಣನ ಮೂಗಿಗೆ ಹೇಳಬೇಕೇ? ಕಿತ್ತಳೆ!

"ಬೇಡಪ್ಪಾ, ಉರಿಯುತ್ತೆ" ಅಂತ ಗುಬ್ಬಿ ಅಳುತ್ತಿದ್ದಳು. ಅವನು ಗಲ್ಲ ಹಿಡಿದು "ಒಂದೇ ಒಂದು ಪುಟ್ಟ, ನನ್ನ ಬಂಗಾರ" ಅಂತ ತೊಳೆಯನ್ನು ಬಾಯಿಗಿಟ್ಟ. ಅವಳು ಕಚ್ಚಿ ಉಗುಳಿದಳು. ಉಗುಳಿದ ತೊಳೆಯ ಮೇಲೆ ರಕ್ತ.

"ಸಿಕ್ಕಿಬಿದ್ದೆಯಾ ಕಳ್ಳಾ!" ಮೂಸಣ್ಣ ಲಾರಿಯ ಮರೆಯಿಂದ ಹಾರಿ ಬಂದ. "ಅವಳಜ್ಜಿಗೆ ಆದದ್ದು ಸಾಲದೆ, ಈಗ ಇವಳಿಗೂ ವಿಷ ತಿನ್ನಿಸ್ತೀಯಾ? ಯಾವ ಅಂಗಡೀದು ಇದು? ಏನು ಹಾಕಿದಾರೆ ಇದಕ್ಕೆ?"

ಅಳಿಯ ಏನೋ ಹೇಳಹೊರಟ. ಕೇಳುವವರು ಯಾರು? ಮೂಸಣ್ಣ ಉಳಿದ ಹಣ್ಣನ್ನು ಕಿತ್ತುಕೊಂಡು ಸಾಕ್ಷಿಗೆ ಅಂತ ಹೆಗಲ ಟವೆಲ್ಲಿನ ತುದಿಗೆ ಗಂಟು ಹಾಕಿದ. ಮೊಮ್ಮಗಳನ್ನು ಎತ್ತಿಕೊಂಡು ಬೀದಿ ಕೊನೆಯ ಡಾಕ್ಟರಮ್ಮನ ಕ್ಲಿನಿಕ್ಕಿಗೆ ದಾಪುಗಾಲು ಹಾಕಿದ. ಅಳಿಯನ ತಪ್ಪನ್ನು ಡಾಕ್ಟರಮ್ಮನ ಬಾಯಿಂದಲೇ ಹೊರಡಿಸಬೇಕು ಅನ್ನುವುದು ಲೆಕ್ಕಾಚಾರ. ಅಳಿಯನೂ ಹಿಂದೆಯೇ ಬಂದ.

ಡಾಕ್ಟರಮ್ಮ ಗುಬ್ಬಿಯ ಕಾಲು ಮುಟ್ಟಿ ನೋಡಿದರು, ತುಟಿ ಎತ್ತಿ ವಸಡು ನೋಡಿದರು. ವಸಡು ಊದಿ ನೇರಳೆ ಬಣ್ಣಕ್ಕೆ ತಿರುಗಿತ್ತು. "ಮಗು ಏನೇನು ತಿನ್ನುತ್ತೆ?" ಅಂತ ಕೇಳಿದರು.

ಮೂಸಣ್ಣ ಎದೆ ಸೆಟೆಸಿ ಒಪ್ಪಿಸಿದ. ಅನ್ನ, ಬೇಳೆ, ಬ್ರೆಡ್ಡು, ಮೊಟ್ಟೆ, ಚೆನ್ನಾಗಿ ಕುದಿಸಿದ ಹಾಲು.

"ಹಣ್ಣು?"

"ಮುಟ್ಟಿಸಿಲ್ಲ."

"ತರಕಾರಿ?"

"ನನಗೇನು ಹುಚ್ಚಾ ಡಾಕ್ಟ್ರೇ? ನಾನು ಅದೇ ವ್ಯಾಪಾರದವನು. ಒಳಗಿನದೆಲ್ಲ ಗೊತ್ತು ನನಗೆ." ಟವೆಲ್ಲಿನ ಗಂಟು ಬಿಚ್ಚಿ ಮೇಜಿನ ಮೇಲೆ ಕಿತ್ತಳೆ ಇಟ್ಟ. "ಇದನ್ನ ತಿನ್ನಿಸ್ತಿದ್ದ ನೋಡಿ, ಕದ್ದು! ತಿಂದ ತಕ್ಷಣ ರಕ್ತ ಬಂತು. ಕಣ್ಣಾರೆ ಕಂಡೆ."

ಡಾಕ್ಟರಮ್ಮ ಕಿತ್ತಳೆ ನೋಡಿದರು, ಅಳಿಯನನ್ನು ನೋಡಿದರು. "ಎಷ್ಟು ದಿನದಿಂದ?"

"ನಾಲ್ಕು ದಿನದಿಂದ" ಅಂದ ಅಳಿಯ. "ಬಣ್ಣ ಹೊಡೀತಿದ್ದ ಮನೇಲಿ ಒಬ್ಬರು ಅಜ್ಜಿ ಹೇಳಿದ್ರು, ಹಣ್ಣು ಕಾಣದ ಮಕ್ಕಳಿಗೆ ಹೀಗಾಗುತ್ತೆ ಅಂತ. ಮನೇಲಿ ಹೇಳಿದ್ರೆ ಅದನ್ನೂ ನಿಲ್ಲಿಸ್ತಾರೆ ಅಂತ ಹೇಳಲಿಲ್ಲ. ಉರಿ ಅಂತ ಉಗುಳಿಬಿಡ್ತಾಳೆ ಡಾಕ್ಟ್ರೇ. ಒಂದು ತೊಳೇನೂ ಒಳಗೆ ಹೋಗಿಲ್ಲ."

"ಇವರಿಗೆ ಬೈಬೇಕು ಅಂತಿದ್ರೆ, ತಡ ಮಾಡಿದ್ದಕ್ಕೆ ಬೈಯಿರಿ" ಅಂದರು ಡಾಕ್ಟರಮ್ಮ. "ಯಾರೂ ಹೊಡೆದ ಕಲೆ ಅಲ್ಲ ಇವು. ಹಣ್ಣು ತರಕಾರಿಯಲ್ಲಿರೋ ಸತ್ವ ದೇಹಕ್ಕೆ ಸಿಗದೇ ಹೋದ್ರೆ ವಸಡಲ್ಲಿ ರಕ್ತ ಒಸರುತ್ತೆ, ಚರ್ಮದ ಕೆಳಗೆ ರಕ್ತ ಹೆಪ್ಪುಗಟ್ಟುತ್ತೆ, ಕಾಲಿನ ಮೂಳೆ ನೋಯುತ್ತೆ. ಮೊಟ್ಟೇಲಿ ಅದಿಲ್ಲ. ಹಾಲಲ್ಲಿ ಇದ್ದ ಚೂರುಪಾರನ್ನೂ ನೀವು ಕುದಿಸಿಬಿಟ್ಟಿದ್ದೀರಿ. ಇನ್ನಷ್ಟು ದಿನ ಬಿಟ್ಟಿದ್ರೆ ನಡೆಯೋಕೇ ಆಗ್ತಿರಲಿಲ್ಲ."

"ಮಾತ್ರೆ ಕೊಡಿ ಹಾಗಾದ್ರೆ. ಸಾಕಲ್ಲ."

"ಮಾತ್ರೆ ಕೊಡ್ತೀನಿ, ಬೇಗ ಸರಿಹೋಗ್ತಾಳೆ. ಆಮೇಲೆ? ಜೀವಮಾನವೆಲ್ಲ ಮಾತ್ರೇನೇ ಊಟಕ್ಕೆ ಬಡಿಸ್ತೀರಾ? ಎಲ್ಲಿ, ನೀವೂ ಬಾಯಿ ತೆಗೀರಿ."

ಮೂಸಣ್ಣ ತೆಗೆಯಲಿಲ್ಲ. ಬೆಳಿಗ್ಗೆ ಹಲ್ಲುಜ್ಜುವಾಗ ಅವನಿಗೂ ಎಷ್ಟೋ ದಿನದಿಂದ ರಕ್ತ ಬರುತ್ತಿತ್ತು. ಪೇಸ್ಟು ಕಲಬೆರಕೆ ಅಂತ ಮೂರು ಥರದ ಪೇಸ್ಟು ಬದಲಾಯಿಸಿದ್ದ. ಈಗ ಅದೆಲ್ಲ ನೆನಪಾಗಿ ಕುರ್ಚಿಯಲ್ಲೇ ಕುಗ್ಗಿಹೋದ. ಅಯ್ಯೋ ದೇವರೇ, ನನ್ನ ಕೈಯಾರೆ! ಅನ್ನುವುದೊಂದೇ ತಲೆಯಲ್ಲಿ ಸುತ್ತುತ್ತಿತ್ತು. ಅಳಿಯನ ಮುಖ ನೋಡುವ ಧೈರ್ಯ ಬರಲಿಲ್ಲ.

ಅಳಿಯ ಮಗುವನ್ನು ಮನೆಗೆ ಕರೆದೊಯ್ದ. ಮೂಸಣ್ಣ ಅಂಗಡಿಯ ಬಾಗಿಲು ತೆರೆದು ದೀಪ ಹಾಕಿದ. ಎದುರಿಗೆ ರಾಶಿ ರಾಶಿ ಕಿತ್ತಳೆ. ಒಂದನ್ನು ಎತ್ತಿ ಮೂಸಿದ, ಇಟ್ಟ. ಇನ್ನೊಂದನ್ನು ಎತ್ತಿದ, ಮೇಣ ಬೆರಳಿಗೆ ಜಾರಿತು, ಇಟ್ಟ. ಪರಂಗಿಯ ಕಡೆ ತಿರುಗಿಯೂ ನೋಡಲಿಲ್ಲ. ಇಷ್ಟು ದೊಡ್ಡ ಅಂಗಡಿಯಲ್ಲಿ ಗುಬ್ಬಿಯ ಬಾಯಿಗೆ ಇಡುವಂಥ ಒಂದು ಹಣ್ಣು ಅವನಿಗೆ ಸಿಗಲಿಲ್ಲ.

ಎದುರಂಗಡಿಯವನೂ ಹಣ್ಣಿನ ವ್ಯಾಪಾರಿಯೇ. ಇಬ್ಬರ ನಡುವೆ ಮಾತಿಲ್ಲದೆ ವರ್ಷಗಳೇ ಆಗಿದ್ದವು. ಅವನು ಗಿರಾಕಿಗಳನ್ನು ಕಣ್ಣು ಹೊಡೆದು ಸೆಳೆಯುತ್ತಾನೆ ಅಂತ ಇವನಿಗೆ ಗುಮಾನಿ. ಬೀದಿ ದಾಟಿ ಬಂದ ಮೂಸಣ್ಣನನ್ನು ಅವನು ಮೇಲಿಂದ ಕೆಳಗೆ ಅಳೆದ.

"ಏನು, ನನ್ನ ಅಂಗಡೀನೂ ಮೂಸೋಕೆ ಬಂದ್ಯಾ?"

"ಕಿತ್ತಳೆ ಬೇಕು."

"ನಿನ್ನ ಹತ್ರ ಗುಡ್ಡೆ ಬಿದ್ದಿದೆಯಲ್ಲೋ. ಏನು ಆಟ ಇದು?"

"ಮೊಮ್ಮಗಳಿಗೆ ಕಣಯ್ಯ. ಹುಷಾರಿಲ್ಲ."

ಮುಂದಿನ ರಾಶಿಗೆ ಹೋಗಿದ್ದ ಅವನ ಕೈ ಹಾಗೇ ನಿಂತಿತು. "ಮಗೂಗಾ? ಇರು, ಇದು ಬೇಡ." ಬಗ್ಗಿ ಗಲ್ಲಾಪೆಟ್ಟಿಗೆಯ ಕೆಳಗಿನಿಂದ ಒಂದು ಸಣ್ಣ ಬುಟ್ಟಿ ಎಳೆದ. ಒಳಗೆ ಮಂಕು ಬಣ್ಣದ, ಚುಕ್ಕೆ ಚುಕ್ಕೆಯ ಪುಟಾಣಿ ಕಿತ್ತಳೆಗಳು, ಒಂದಿಷ್ಟು ಸೀಬೆ, ಮಣ್ಣು ಮೆತ್ತಿದ ಕ್ಯಾರೆಟ್ಟು. "ಇದು ಮನೆ ಬುಟ್ಟಿ. ನಮ್ಮಣ್ಣನ ತೋಟದ್ದು. ನಮ್ಮ ಹುಡುಗ್ರಿಗೆ ಇದರಿಂದಾನೇ ಕೊಡೋದು."

"ಮತ್ತೆ ಮುಂದೆ ಜೋಡಿಸಿರೋದು?"

"ಅದು ಗಿರಾಕೀಗೆ. ಯಾಕೆ, ನಿನ್ನ ಅಂಗಡೀಲಿ ಮನೆ ಬುಟ್ಟಿ ಇಲ್ವಾ?"

ಮೂಸಣ್ಣ ಹಣ್ಣುಗಳನ್ನು ಟವೆಲ್ಲಿಗೆ ಸುರಿದುಕೊಂಡು ಬಂದ. ಆ ಮೆಟ್ಟಿಲಿನ ಮೇಲೆ ಹಣ್ಣು ಹತ್ತಿದ್ದು ಹೆಂಡತಿ ಹೋದ ಮೇಲೆ, ಅವನಿಗೆ ಗೊತ್ತಿದ್ದ ಹಾಗೆ, ಅದೇ ಮೊದಲು. ಮೇಲೆ ಮಗಳು ವಿಷಯ ತಿಳಿದು, ಅತ್ತು ಊದಿದ ಮುಖದಲ್ಲಿ ಗಂಡನ ಪಕ್ಕ ಕೂತಿದ್ದಳು. ಪೆಟ್ಟಿಗೆ ಇದ್ದಲ್ಲೇ ಇತ್ತು.

"ನನ್ನಿಂದ ತಪ್ಪಾಯ್ತಪ್ಪ" ಅಂದ ಅಳಿಯನಿಗೆ. "ನಿನ್ನ ಕೈಯಲ್ಲೇ ಸುಲಿದು ಕೊಡು."

ಅಳಿಯ ಹಣ್ಣು ತೆಗೆದುಕೊಂಡು, ಸುಲಿದು, ಬೀಜ ಬಿಡಿಸಿ, ರಸ ಮಾತ್ರ ಚಮಚಕ್ಕೆ ಹಿಂಡಿದ. ಗುಬ್ಬಿ ಚಮಚವನ್ನು ಮೂಗಿನ ಹತ್ತಿರ ತಂದುಕೊಂಡು ಥೇಟ್ ತಾತನ ಹಾಗೆಯೇ ಮೂಸಿದಳು. ಆಮೇಲೆ ತಾತನನ್ನು ನೋಡಿದಳು.

"ಇದು ನಮ್ಮ ಅಂಗಡೀದಾ ತಾತ?"

"ಅಲ್ಲ ಕಂದಾ."

"ನಿಜವಾಗ್ಲೂ?"

"ನಿಜವಾಗ್ಲೂ ಅಲ್ಲ."

"ಹಾಗಾದ್ರೆ ಕುಡೀತೀನಿ" ಅಂತ ಬಾಯಿ ತೆರೆದಳು. ಉರಿಗೆ ಕಣ್ಣು ಮುಚ್ಚಿಕೊಂಡಳು, ಆದರೆ ಉಗುಳಲಿಲ್ಲ.

ಅಷ್ಟರಲ್ಲಿ ಕೆಳಗಿನಿಂದ ಯಾರೋ ಕೂಗಿದರು. ಮೂಸಣ್ಣ ಕಣ್ಣೊರೆಸಿಕೊಂಡು ಇಳಿದು ಹೋದ. ದಿನಾ ಬರುವ ಗಿರಾಕಿ ಹೆಂಗಸು, ಸೊಂಟದ ಮೇಲೆ ಗುಬ್ಬಿಗಿಂತ ಚಿಕ್ಕ ಮಗು. ಅದು ಆಗಲೇ ಫಳಫಳ ಹೊಳೆಯುವ ಕಿತ್ತಳೆಯ ಕಡೆ ಕೈ ಚಾಚಿತ್ತು.

"ಇದಕ್ಕೆ ತಿನ್ನೋಕೆ ಕಣಣ್ಣ. ಒಳ್ಳೇದು ನೋಡಿ ಕೊಡಿ."

ಮೂಸಣ್ಣನ ಕೈ ಅಭ್ಯಾಸದಿಂದ ತಕ್ಕಡಿಯವರೆಗೂ ಹೋಯಿತು. ಅಲ್ಲೇ ನಿಂತಿತು.

"ನಮ್ಮಲ್ಲಿ ಬೇಡ ತಾಯಿ" ಅಂದ. "ಎದುರಂಗಡೀಗೆ ಹೋಗು. ಮುಂದಿರೋದು ತಗೋಬೇಡ. ಮನೆ ಬುಟ್ಟೀದು ಕೊಡು ಅಂತ ಕೇಳು."