ಹದಿನಾಲ್ಕನೆಯ ಒಗೆತ

“ಆಗೂದಿಲ್ಲಂದ್ರ ಆಗೂದಿಲ್ಲ ಅನ್ನಲೇ ತಿರಕ್ಯಾ. ಯಾಕ ಸುಮ್ನ ಹೊತ್ತು ಕಳೀತಿ?”

ಶಿದ್ಲಿಂಗಪ್ಪ ಬಸವಣ್ಣನ ಗುಡಿಯ ಮುಂದೆ ನಿಂತು ನಿಂಬೆಹಣ್ಣನ್ನು ಅಂಗೈಯಲ್ಲಿ ಕುಣಿಸುತ್ತಿದ್ದ.

ತಿರಕಪ್ಪನ ಬಲಗೈ ಮೊಣಕೈತನಕ ಬಾತಿತ್ತು. ಮುಂಜಾನೆ ಪಂಚಮಿಯ ಜೋಕಾಲಿ ಜೀಕಲು ಹೋಗಿ ಬಿದ್ದಿದ್ದ. ಗುಡಿಯಿಂದ ಹಳ್ಳದ ದಂಡೆಯ ಜಾಲಿಗಿಡಕ್ಕೆ ಹದಿನಾಲ್ಕು ಒಗೆತದಲ್ಲಿ ಹಣ್ಣು ಮುಟ್ಟಿಸುತ್ತೇನೆಂದು ಶಿದ್ಲಿಂಗಪ್ಪನ ಜೊತೆ ಪಂಥ ಕಟ್ಟಿದವನೂ ಅವನೇ. ಹಣ್ಣು ಎಸೆದು, ಅದು ಬಿದ್ದಲ್ಲಿಂದಲೇ ಮತ್ತೆ ಒಗೆಯಬೇಕು. ಗೆದ್ದವರಿಗೆ ಸೋತವನು ಊರ ಮುಂದೆ ಕೇಸರಿ ರುಮಾಲು ಸುತ್ತಬೇಕು. ಡಂಗುರದ ಲಕ್ಕಪ್ಪ ಹಲಗಿ ಬಾರಿಸಿ ಓಣಿ ಓಣಿಗೆ ಗೆದ್ದವರ ಹೆಸರು ಸಾರಬೇಕು.

“ನಿಮ್ಮ ಮನ್ಯಾಗ ಬ್ಯಾರೆ ಕೈ ಇಲ್ಲೇನ್ಲೇ?” ಶಿದ್ಲಿಂಗಪ್ಪ ಕೆಣಕಿದ.

“ಐತಿ,” ಎಂದಳು ಕಟ್ಟೆಯ ಮೇಲೆ ಕೂತಿದ್ದ ಮೈಲಾರವ್ವ.

ಜನ ನಕ್ಕರು. ಅವಳು ತಿರಕಪ್ಪನ ಅಕ್ಕ, ಮೂವತ್ತೆರಡರ ಹೆಂಗಸು. ಕೂಸಿದ್ದಾಗ ಜ್ವರ ಬಂದು ಎಡಗಾಲು ಬತ್ತಿತ್ತು. ಮದುವೆಯ ಮಾತು ಯಾರೂ ಎತ್ತಿರಲಿಲ್ಲ. ಜೋಳ ತೆನೆಗಟ್ಟಿದ ಮೇಲೆ ಅವಳನ್ನು ಹೊಲದ ಅಟ್ಟಕ್ಕೆ ಹತ್ತಿಸಿ ಬರುತ್ತಿದ್ದರು. ಸಂಜೆತನಕ ಹಕ್ಕಿಗೆ ಕಲ್ಲು ಒಗೆಯುವುದು ಇಪ್ಪತ್ತು ವರ್ಷದಿಂದ ಅವಳ ಕೆಲಸ.

“ಕುಂಟಿ ಒಗದ್ರ ನಡೀತೈತೇನ್ರಿ?” ಗುಂಪಿನೊಳಗಿಂದ ಒಬ್ಬ ಕೇಳಿದ.

“ಒಗೂದು ಕೈಲೆ ಅಲ್ಲೇನು?” ಎಂದರು ಪಂಥದ ಹಿರಿಯ ರಹಿಮಾನಸಾಬ. “ನಡೀತೈತಿ. ಆದ್ರ ಯಾರೂ ಎತ್ತಿಕೊಂಡು ಹೋಗೂಹಂಗಿಲ್ಲ. ಹಣ್ಣಿನ ಹಿಂದ ತಾನ ನಡೀಬೇಕು.”

ತಿರಕಪ್ಪ ಬಗ್ಗಿ ಮೆಲ್ಲಗೆ ಕೇಳಿದ. “ಯಕ್ಕಾ, ಗೆದ್ರ ಏನ ಬೇಕು? ಸೀರಿ ತರ್ತೀನಿ.”

“ಸೀರಿ ಬ್ಯಾಡ. ಲಕ್ಕಪ್ಪ ನನ್ನ ಹೆಸರು ಒದರ್ಲಿ.”

“ಒದರ್ತಾನ ತಗೋ.”

ಮೊದಲ ಒಗೆತಕ್ಕೆ ಹಣ್ಣು ಗೌಡರ ಬಣವೆ ದಾಟಿತು. ನಗು ನಿಂತಿತು. ಒಗೆಯುವುದು ಅವಳಿಗೆ ಏನೂ ಆಗಿರಲಿಲ್ಲ. ನಡೆಯುವುದೇ ಕಷ್ಟವಾಗಿತ್ತು. ಮಳೆಗೆ ನೆನೆದ ಎರೆಮಣ್ಣಿನಲ್ಲಿ ಅವಳ ಊರುಗೋಲು ಗೇಣುದ್ದ ಇಳಿಯುತ್ತಿತ್ತು. ಕಿತ್ತು, ಊರಿ, ಬತ್ತಿದ ಕಾಲನ್ನು ಎಳೆದುಕೊಳ್ಳಬೇಕು. ಜನ ಮುಂದೆ ಹೋಗಿ ಹಣ್ಣಿನ ಸುತ್ತ ನಿಂತು ಕಾಯುತ್ತಿದ್ದರು.

“ಲಗೂ ಬಾರಬೇ, ಹಬ್ಬ ಮುಗದು ಹೋಗತೈತಿ!”

“ನೀ ಹೋಗಿ ಉಂಡು ಬಾ. ಹಣ್ಣಿಗೇನು ಕಾಲು ಬಂದಿಲ್ಲ.”

ಏಳನೆಯ ಒಗೆತದ ಹೊತ್ತಿಗೆ ಅಂಗೈ ಸುಲಿದಿತ್ತು. ಆಮೇಲೆ ನೋವು ತಿಳಿಯಲಿಲ್ಲ. ಹತ್ತನೆಯದಕ್ಕೆ ಹೋಗುವಾಗ ಕೆಸರಿನಲ್ಲಿ ಬಿದ್ದಳು. ತಿರಕಪ್ಪ ಓಡಿ ಬಂದ. ರಹಿಮಾನಸಾಬರು ಬೇಡವೆಂದು ಕೈಯೆತ್ತಿದರು. ಅವಳು ಕೋಲು ಹಿಡಿದು ತಾನೇ ಎದ್ದಳು.

ಹದಿನಾಲ್ಕನೆಯ ಒಗೆತಕ್ಕೆ ಹಣ್ಣು ಜಾಲಿಯ ಬೊಡ್ಡೆಗೆ ಬಡಿದು ಒಡೆಯಿತು.

ಜನ ಕೇಕೆ ಹಾಕಿದರು. ಶಿದ್ಲಿಂಗಪ್ಪ ಮಾತು ತಪ್ಪುವವನಲ್ಲ. ರುಮಾಲು ಬಿಚ್ಚಿಕೊಂಡು ಅವಳ ಮುಂದೆ ಬಂದ. ಅವಳು ತಲೆಯ ಮೇಲೆ ಸೆರಗು ಎಳೆದುಕೊಂಡು ನಿಂತಿದ್ದಳು. ಅವನ ಕೈ ಅಲ್ಲಿಗೇ ನಿಂತಿತು.

“ಹೆಣ್ಮಗಳ ತಲಿಗೆ ರುಮಾಲು ಹೆಂಗ ಸುತ್ತೂದ್ರಿ?”

ರಹಿಮಾನಸಾಬರು ಗಡ್ಡ ನೀವಿಕೊಂಡರು. “ಮನೀ ಗಂಡಸಿಗೆ ಸುತ್ತು.”

ತಿರಕಪ್ಪ ಅಕ್ಕನ ಕಡೆ ಒಮ್ಮೆ ನೋಡಿದ. ಆಮೇಲೆ ತಲೆ ಬಗ್ಗಿಸಿದ.

ಲಕ್ಕಪ್ಪ ಹಲಗಿ ಬಾರಿಸಿದ. “ತಿರಕಪ್ಪ ಗೆದ್ದಾನ್ರಪ್ಪೋ! ತಿರಕಪ್ಪ ಗೆದ್ದಾನ!”

ತಿರಕಪ್ಪ ಬಾಯಿ ತೆರೆದ. ಅಷ್ಟರಲ್ಲಿ ನಾಲ್ಕು ಮಂದಿ ಅವನನ್ನು ಹೆಗಲಿಗೆ ಏರಿಸಿದ್ದರು. ಅವನು ಎಡಗೈಯಿಂದ ರುಮಾಲು ಹಿಡಿದುಕೊಂಡ.

“ಯಕ್ಕಾ, ಗಾಡಿ ಕಳಸ್ತೀನಿ. ಇಲ್ಲೇ ಕುಂದ್ರು!”

ಅವರ ಮನೆಯಲ್ಲಿ ಪಂಚಮಿಯ ದಿನ ಗಾಡಿಗೆ ಎತ್ತು ಹೂಡುತ್ತಿರಲಿಲ್ಲ. ಮೈಲಾರವ್ವ ಹೂಂ ಎಂದಳು.

ಹಲಗಿ ಊರ ಕಡೆ ಹೋಯಿತು. ಅವಳು ಜಾಲಿಯ ಬುಡಕ್ಕೆ ಕೂತು ಒಡೆದ ಹಣ್ಣನ್ನು ಎತ್ತಿಕೊಂಡಳು. ರಸ ಸುಲಿದ ಅಂಗೈಗೆ ಇಳಿಯಿತು. ಉರಿಯಲಿಲ್ಲ.

ಎದುರಿಗೆ ತಿರಕಪ್ಪನ ಶೇಂಗಾ ಹೊಲ. ಕಾಗೆಗಳು ಇಳಿದು ಕೆದರತೊಡಗಿದವು. ಅವಳ ಕೈ ತಾನಾಗಿ ಕಲ್ಲು ಹುಡುಕಿತು, ಸಿಕ್ಕಿತು. ಅದನ್ನು ಹಿಡಿದುಕೊಂಡೇ ಕೂತಳು. ಕಾಗೆಗಳು ತಿನ್ನುತ್ತಲೇ ಇದ್ದವು.