ಚೊಕ್ಕ ರಕ್ತದವರ ಲಿವರ್

೧. ಎಲ್ಲಿಂದ ಶುರು ಮಾಡಲಿ? ಲಿವರ್‌ನಿಂದ ಶುರು ಮಾಡಿದರೆ ನೀವು ಕುಡುಕನೊಬ್ಬನ ಕಥೆ ಎಂದುಕೊಳ್ಳುತ್ತೀರಿ. ಮದುವೆಯಿಂದ ಶುರು ಮಾಡಿದರೆ ಲಿವರ್ ಬರುವ ಹೊತ್ತಿಗೆ ಊಟಕ್ಕೆ ಎದ್ದಿರುತ್ತೀರಿ.

ಮೊದಲ ಡ್ರಾಫ್ಟಿನಲ್ಲಿ ಕಲಬುರಗಿಯ ಬ್ರಹ್ಮಪುರದ ಗುರುಲಿಂಗಪ್ಪನವರ ಕೈಗೆ ಬಾಟಲಿ ಕೊಟ್ಟಿದ್ದೆ. ಅವರು ಕಥೆಯೊಳಗಿಂದಲೇ ತಿರುಗಿಬಿದ್ದರು.

"ಏನವ್ವಾ, ಜಲಮದಾಗ ಮುಟ್ಟಿಲ್ಲ ನಾ. ವಾಸನಿ ಬಂದ್ರ ಓಣಿ ಬಿಟ್ಟು ಹೋಗ್ತೀನಿ."

"ಲಿವರ್ ಕಲ್ಲಾಗ್ಯಾದಲ್ರೀ. ಓದೋರು ನಂಬಬೇಕಲ್ಲ?"

"ನಂಬಲಿಲ್ಲಂದ್ರ ಬಿಡಲಿ. ಬಾಟ್ಲಿ ತಗಿ."

ತೆಗೆದೆ. (ಡ್ರಾಫ್ಟೂ ಹೋಯಿತು.)

೨. ಸೇಡಂ ರಸ್ತೆಯ ಡಾಕ್ಟರ್ ಹೇಳಿದ್ದು: ಕುಡಿಯದವರ ಲಿವರ್‌ನಲ್ಲೂ ಕೊಬ್ಬು ಕೂಡಿ ಗಟ್ಟಿಯಾಗಬಹುದು. ಅದಕ್ಕೆ ದಾರಿ ಮಾಡುವ ಜೀನ್ ಒಂದಿದೆ. ಕೆಲವು ಸಮುದಾಯಗಳಲ್ಲಿ ಹೆಚ್ಚು, ಕೆಲವುಗಳಲ್ಲಿ ಕಡಿಮೆ. ತಾಯಿ, ತಂದೆ ಇಬ್ಬರಿಂದಲೂ ಬಂದರೆ ಅಪಾಯ ಜಾಸ್ತಿ.

"ನಿಮ್ಮ ಮಂದ್ಯಾಗ ಯಾರಿಗರ ಇತ್ತೇನ್ರೀ?"

"ನಮ್ದು ಏಳು ತಲಿ ಚೊಕ್ಕ ರಕ್ತ ರೀ," ಎಂದರು ಗುರುಲಿಂಗಪ್ಪ. "ಹೊರಗಿನ ಹನಿ ಬಿದ್ದಿಲ್ಲ."

"ಅದಕ್ಕೇ ಕೇಳಾಕತ್ತೀನಿ."

ಕಮಲಾಪುರಕ್ಕೆ ಕೊಟ್ಟಿದ್ದ ತಮ್ಮ ಅಕ್ಕ ಹೊಟ್ಟೆ ಉಬ್ಬಿ ತೀರಿಕೊಂಡದ್ದನ್ನು ಅವರು ಹೇಳಲಿಲ್ಲ. (ಮನೆಯಲ್ಲಿ ಆ ಕಾಯಿಲೆಗೆ ದೃಷ್ಟಿ ಎಂದು ಹೆಸರು.)

೩. ಈಗ ಮದುವೆ. ಗುರುಲಿಂಗಪ್ಪನವರ ಮಗಳು ಐಶ್ವರ್ಯಾಳನ್ನು ಆ ತೀರಿಹೋದ ಅಕ್ಕನ ಮಗ ವಿಶ್ವಾಸನಿಗೇ ಕೊಡಬೇಕೆಂದು ಅವಳ ತಾಯಿ ನೀಲಗಂಗಮ್ಮ ಹಟ ಹಿಡಿದಿದ್ದಾರೆ.

"ಹೊರಗ ಕೊಟ್ರ ಅಪ್ಪನ ಬ್ಯಾನಿ ಹೇಳಬೇಕಾಗ್ತದ. ಒಳಗ ಕೊಟ್ರ ಮುಚ್ಚಿಹೋಗ್ತದ."

"ಮುಚ್ಚಿಹೋಗಂಗಿಲ್ಲವ್ವಾ, ಕೂಸಿಗಿ ಹೋಗ್ತದ," ಎಂದಳು ಐಶ್ವರ್ಯಾ. "ಮೊದಲ ಇಬ್ಬರೂ ಆ ಜೀನಿನ ಟೆಸ್ಟ್ ಮಾಡಿಸ್ಕೋತೀವಿ."

"ಮಂದಿ ಏನಂತಾರ?"

(ಸಮುದಾಯದ ಹೆಸರು ಬರೆದೆ, ಅಳಿಸಿದೆ. ಬರೆದರೆ ನಾಳೆ ಖಂಡನಾ ಸಭೆ. ಜೀನಿಗೆ ಸಭೆಯ ಹೆದರಿಕೆ ಇಲ್ಲ, ನನಗಿದೆ.)

೪. ಕೊನೆ. (ಅ) ತಾಳಿ, ಊಟ, ಎಲ್ಲರೂ ಸುಖ, ಲಿವರ್ ಒಂದನ್ನು ಬಿಟ್ಟು. (ಆ) ಐಶ್ವರ್ಯಾ ಮದುವೆ ಮುರಿಯುತ್ತಾಳೆ. ವಿಮರ್ಶಕರು ಚಪ್ಪಾಳೆ ತಟ್ಟುತ್ತಾರೆ. ಬ್ರಹ್ಮಪುರಕ್ಕೆ ಹೋಗಿ ಎರಡನ್ನೂ ಅವಳಿಗೆ ಓದಿ ಹೇಳಿದೆ.

"ಎರಡೂ ಬ್ಯಾಡ್ರೀ ಅಕ್ಕಾ. ಅವ ನನ್ನ ಮನಸಿಗಿ ಬಂದಾನ, ಅದನ್ಯಾಕ ಬರೀಲಿಲ್ಲ? ಟೆಸ್ಟಿಗಿ ರಕ್ತಾನೂ ಕೊಟ್ಟು ಬಂದೀವಿ. ಇವತ್ತ ರಿಪೋರ್ಟ್ ತರಾಕತ್ತಾನ."

ಅಷ್ಟರಲ್ಲೇ ಕಮಲಾಪುರದ ಬಸ್ಸಿಳಿದು, ಲ್ಯಾಬಿಗೆ ಹೋಗಿ ರಿಪೋರ್ಟ್ ಹಿಡಿದು ಬಂದ ವಿಶ್ವಾಸ ಬಾಗಿಲಲ್ಲಿ ನಿಂತ.

"ಏನು ಬಂತು?" ಪೆನ್ನು ಹಿಡಿದೇ ಕೇಳಿದೆ.

ಐಶ್ವರ್ಯಾ ಅವನ ಮುಖ ನೋಡಿದಳು, ಆಮೇಲೆ ನನ್ನ ಪೆನ್ನು.

"ನಿಮಗ ಹೇಳಂಗಿಲ್ರೀ. ನೀವು ಊರಿಗೆಲ್ಲ ಹೇಳ್ತೀರಿ."

ಅವನನ್ನು ಕೋಣೆಯೊಳಗೆ ಎಳೆದುಕೊಂಡು ಬಾಗಿಲು ಹಾಕಿದಳು. ಒಳಗಿಂದ ಬಂದದ್ದು ನಗುವೋ ಅಳುವೋ ತಿಳಿಯಲಿಲ್ಲ. ಬಾಗಿಲಿಗೆ ಕಿವಿ ಹಚ್ಚಿದೆ. ಪಕ್ಕದಲ್ಲಿ ಆಗಲೇ ನೀಲಗಂಗಮ್ಮನವರ ಕಿವಿ ಇತ್ತು.

"ಜರಾ ಸರೀರಿ," ಎಂದರು ಅವರು. "ನಿಮ್ಮ ಉಸಿರೇ ಕೇಳಸ್ತದ."